‘ಸಹೋದರಿ’ ಅಂದ್ರೆ ಅಕ್ಕನೋ, ತಂಗಿಯೋ?

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀವಿ. ಕಳೆದ ರಾಜ್ಯೋತ್ಸವದ ಆಹ್ವಾನ ಪತ್ರಿಕೆಯನ್ನು ನಾವು ಬರೆದದ್ದಲ್ಲ, ಚಾಟ್‌ಜಿಪಿಟಿಯಿಂದ ಬರೆಸಿದ್ದು. ಇಂಟರ್ನಲ್ಸ್ ಹತ್ತಿರ ಇತ್ತು, ಬ್ಯಾನರ್ ಪ್ರಿಂಟಿಗೆ ಕೊಡಬೇಕಿತ್ತು, ರಾತ್ರಿ ಹನ್ನೊಂದಾಗಿತ್ತು. ಎರಡು ಸಾಲು ಇಂಗ್ಲಿಷಿನಲ್ಲಿ ಕೇಳಿದೆವು, ಅರ್ಧ ನಿಮಿಷದಲ್ಲಿ ಕನ್ನಡದ ಆಹ್ವಾನ ಬಂತು. ಕನ್ನಡ ಸಂಘದವರೇ ಹೀಗೆ ಮಾಡಿದ್ರೆ ಹೇಗೆ ಅಂತ ನೀವು ಕೇಳೋದು ಸರಿ. ನಮ್ಮ ಹತ್ತಿರ ಅದಕ್ಕೆ ಒಳ್ಳೆಯ ಉತ್ತರ ಇಲ್ಲ.

ಮರುದಿನ ಅದನ್ನು ಕನ್ನಡ ಮೇಡಂಗೆ ತೋರಿಸೋಕೆ ಹೋದೆವು. ಅವರು ಕನ್ನಡಕ ಹಾಕಿಕೊಂಡು ಓದಿ, ‘ತಮ್ಮ ಉಪಸ್ಥಿತಿಯು ಕಾರ್ಯಕ್ರಮದ ಮೆರುಗನ್ನು ಇಮ್ಮಡಿಗೊಳಿಸುವುದಾಗಿದೆ’ ಅನ್ನೋ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಬರೆದೋರು ಯಾರು?" ಅಂತ ಕೇಳಿದರು. ಐದು ಜನ ಇದ್ದೆವು. ಐದೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು.

"ತಪ್ಪೇನಾದ್ರೂ ಇದೆಯಾ ಮೇಡಂ?"

"ತಪ್ಪಿಲ್ಲ. ಅದೇ ನೋಡಿ ತೊಂದರೆ. ನೀವು ಐದು ಜನ ಸೇರಿ ಬರೆದಿದ್ರೆ ಎರಡು ಸಾಲಿಗೊಂದು ತಪ್ಪು ಇರಬೇಕಿತ್ತು."

ನಾವು ನಕ್ಕೆವು. ಅವರು ನಗಲಿಲ್ಲ. "ಈಗ ಕ್ಲಾಸಲ್ಲೂ ಇದೇ ಆಗ್ತಿದೆ. ತಪ್ಪು ಬರ್ತಾ ಇಲ್ಲ, ಮಕ್ಕಳೂ ಕಾಣ್ತಾ ಇಲ್ಲ" ಅಂದರು. ಆ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಎಐ ಬಂದು ಕೋಡಿಂಗ್ ಕೆಲಸ ಏನಾಗುತ್ತೆ ಅಂತ ನಾವು ಕ್ಯಾಂಟೀನಿನಲ್ಲಿ ದಿನವೂ ಮಾತಾಡ್ತೀವಿ. ಅದೇ ಕಟ್ಟಡದ ಮೂರನೇ ಮಹಡಿಯ ಮೂಲೆಯ ಸ್ಟಾಫ್ ರೂಮಿನಲ್ಲಿ ಕೂತು ನಮ್ಮ ಅಸೈನ್‌ಮೆಂಟ್ ಓದೋ ಭಾಷಾ ಅಧ್ಯಾಪಕರಿಗೆ ಏನಾಗ್ತಿದೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಈ ಸಂಚಿಕೆಗಾಗಿ ಇಬ್ಬರು ಕನ್ನಡ ಅಧ್ಯಾಪಕರ ಜೊತೆ, ಒಬ್ಬ ಇಂಗ್ಲಿಷ್ ಸರ್ ಜೊತೆ ಕೂತು ಮಾತಾಡಿದೆವು. ಅವರು ಹೇಳಿದ್ದನ್ನು ಇಲ್ಲಿ ಇಡ್ತಿದ್ದೇವೆ, ಜೊತೆಗೆ ನಮಗನ್ನಿಸಿದ್ದನ್ನೂ. ಯಾರೂ ಹೆಸರು ಹಾಕಿ ಅನ್ನಲಿಲ್ಲ, ನಾವೂ ಹಾಕಿಲ್ಲ.

ಹೊರಗಿನ ಓದುಗರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷ ಕನ್ನಡ ಇದೆ. ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’. ಒಂದೇ ಕ್ರೆಡಿಟ್, ವಾರಕ್ಕೆ ಒಂದೇ ಗಂಟೆ, ಕೊನೆಗೆ ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ. ಅಂದರೆ ಇಡೀ ಸೆಮಿಸ್ಟರಿನಲ್ಲಿ ವಿದ್ಯಾರ್ಥಿ ತನ್ನ ಕೈಯಾರೆ ನಾಲ್ಕು ವಾಕ್ಯ ಕನ್ನಡ ಬರೆಯೋದು ಅಂತ ಇದ್ದರೆ ಅದು ಅಸೈನ್‌ಮೆಂಟಿನಲ್ಲಿ ಮಾತ್ರ. ಈಗ ಯಂತ್ರ ಬಂದು ಕೂತಿರೋದೂ ಸರಿಯಾಗಿ ಅಲ್ಲೇ.

ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಮೊದಲ ಒಂದು ವರ್ಷ ಕನ್ನಡ ಅಧ್ಯಾಪಕರಿಗೆ ಏನೂ ಅನ್ನಿಸಲಿಲ್ಲವಂತೆ. ಆಗ ಅದರ ಕನ್ನಡ ಅಷ್ಟು ಕೆಟ್ಟದಾಗಿತ್ತು. ಗೂಗಲ್ ಅನುವಾದ ಬಂದಾಗ ನಕ್ಕ ಹಾಗೆ ಇದಕ್ಕೂ ನಕ್ಕಿದ್ದರು. ಆಮೇಲೆ ಒಂದು ಬ್ಯಾಚ್ ಬಂತು. "ನಮ್ಮೂರ ಹಬ್ಬ" ಅಂತ ಒಂದು ಪುಟ ಬರೆಯೋಕೆ ಹೇಳಿದ್ದರು. ಮೇಡಂ ಮನೆಯಲ್ಲಿ ಕೂತು ಓದ್ತಾ ಹೋದರೆ ಒಂದಾದ ಮೇಲೊಂದು ಪುಟದಲ್ಲಿ ‘ಸಹೋದರಿ’ ಬರ್ತಾ ಇದ್ದಾಳೆ. ‘ನಾನು ಮತ್ತು ನನ್ನ ಸಹೋದರಿ ಮನೆಯನ್ನು ಅಲಂಕರಿಸುತ್ತೇವೆ.’ ‘ನನ್ನ ಸಹೋದರಿಯು ಸುಂದರವಾದ ರಂಗೋಲಿಯನ್ನು ರಚಿಸುತ್ತಾಳೆ.’

"ನಂಗೆ ಒಂದು ಪ್ರಶ್ನೆ ಬಂತು" ಅಂದರು ಮೇಡಂ. "ಈ ಸಹೋದರಿ ಅಕ್ಕನೋ, ತಂಗಿಯೋ? ಮರುದಿನ ಕ್ಲಾಸಿನಲ್ಲಿ ಕೇಳ್ದೆ. ಒಬ್ಬ ಹುಡುಗ ಎದ್ದು ನಿಂತು, ‘ಮೇಡಂ, ನಂಗೆ ಅಕ್ಕ ತಂಗಿ ಯಾರೂ ಇಲ್ಲ’ ಅಂದ."

ಇದು ನಗೋ ವಿಷಯ ನಿಜ. ಆದರೆ ಸ್ವಲ್ಪ ನಿಂತು ನೋಡಿ. ಇಂಗ್ಲಿಷಿನಲ್ಲಿ ಸಿಸ್ಟರ್ ಅಂದರೆ ಸಾಕು. ಕನ್ನಡದ ಮನೆಯಲ್ಲಿ ಅಕ್ಕ ಬೇರೆ, ತಂಗಿ ಬೇರೆ. ಒಬ್ಬಳು ಬೈತಾಳೆ, ಇನ್ನೊಬ್ಬಳು ಬೈಸಿಕೊಳ್ತಾಳೆ. ಈ ವ್ಯತ್ಯಾಸ ಇಲ್ಲದೆ ಕನ್ನಡದ ಮನೆಯೇ ಇಲ್ಲ. ಯಂತ್ರ ಕನ್ನಡದಲ್ಲಿ ಬರೆಯುವಾಗಲೂ ಸಿಸ್ಟರ್ ಅನ್ನೇ ಬರೀತಿದೆ. ‘ಅವಳು ನನ್ನ ಅಕ್ಕ’ ಅನ್ನೋ ಕಡೆ ‘ಅವಳು ನನ್ನ ಸಹೋದರಿಯಾಗಿದ್ದಾಳೆ’ ಅಂತ ಬರೆಯುತ್ತೆ, ಯಾಕಂದ್ರೆ ಇಂಗ್ಲಿಷಿನ ‘ಈಸ್’ ಎಲ್ಲಾದರೂ ಕೂರಲೇಬೇಕು. ‘ಒಂದು ಸುಂದರವಾದ ಹಬ್ಬವಾಗಿದೆ’ ಅಂತ ಬರೆಯುತ್ತೆ, ‘ಎ’ ಅನ್ನೋದಕ್ಕೆ ‘ಒಂದು’ ಬೇಕಲ್ಲ. ಯಾವ ವಾಕ್ಯಕ್ಕೂ ಮೇಡಂ ಕೆಂಪು ಗೆರೆ ಎಳೆಯೋ ಹಾಗಿಲ್ಲ. ಆದರೆ ನಮ್ಮ ಯಾರ ಮನೆಯಲ್ಲೂ ಯಾರೂ ಹಾಗೆ ಮಾತಾಡೋದಿಲ್ಲ.

ನಾವು ಇಂಜಿನಿಯರಿಂಗ್ ಓದ್ತಿರೋರು, ಹೀಗ್ಯಾಕೆ ಆಗುತ್ತೆ ಅಂತ ಅಂದಾಜು ಮಾಡೋದು ಕಷ್ಟವಲ್ಲ. ಈ ಮಾದರಿಗಳು ಕಲಿಯೋದು ಓದಿದ್ದರಿಂದ. ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಕನ್ನಡದ್ದರಲ್ಲಿ ಇನ್ನೂ ಸಾವಿರಗಳ ಲೆಕ್ಕ. ಅಂತರ್ಜಾಲದಲ್ಲಿರೋ ಕನ್ನಡದಲ್ಲೂ ಸುದ್ದಿ, ಸರ್ಕಾರಿ ಪ್ರಕಟಣೆ, ಅನುವಾದ ಇವೇ ಕಣ್ಣಿಗೆ ಬೀಳೋದು ಜಾಸ್ತಿ. ಕುಂದಾಪುರದ ಮಾತು, ಕೊಳ್ಳೇಗಾಲದ ಮಾತು, ಕಲಬುರಗಿಯ ಮಾತು ಅಷ್ಟಾಗಿ ಬರವಣಿಗೆಗೇ ಬಂದಿಲ್ಲ. ಬಾರದ್ದನ್ನು ಯಂತ್ರ ಎಲ್ಲಿಂದ ಓದಬೇಕು? ಇನ್ನೊಂದು ಸಣ್ಣ ತಾಂತ್ರಿಕ ವಿಷಯ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ‘ಕನ್ನಡ’ ಅನ್ನೋ ಮೂರಕ್ಷರದ ಪದದ ಒಳಗೆ ಐದು ಸಂಕೇತ, ಅಂದರೆ 15 ಬೈಟ್. ಯಂತ್ರ ಪಠ್ಯವನ್ನು ತುಂಡು ತುಂಡು ಮಾಡಿ ನುಂಗುವಾಗ ಇಂಗ್ಲಿಷ್ ಪದ ಇಡಿಯಾಗಿ ಹೋದರೆ, ಕನ್ನಡದ ಪದ ಎಷ್ಟೋ ಸಲ ಚೂರಾಗಿ ಹೋಗುತ್ತೆ. ಹೊಸ ಮಾದರಿಗಳಲ್ಲಿ ಇದು ಸುಧಾರಿಸಿದೆ. ಆದರೂ ಶುರುವಿನಿಂದಲೇ ನಾವು ಕೊನೇ ಬೆಂಚಿನಲ್ಲಿ ಕೂತವರು.

ಹೊಸ ಮಾದರಿಗಳ ಕನ್ನಡ ಈಗ ನಿಜಕ್ಕೂ ಚೆನ್ನಾಗಿದೆ, ಸುಳ್ಳು ಹೇಳಬಾರದು. ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಇನ್ನೊಬ್ಬ ಕನ್ನಡ ಸರ್ ಹೇಳಿದ ಪ್ರಸಂಗವೇ ಸಾಕ್ಷಿ.

ಸಾಂಸ್ಕೃತಿಕ ಕನ್ನಡದ ಪಠ್ಯದಲ್ಲಿ ವಚನಗಳಿವೆ. ಪಠ್ಯದ ಹೊರಗಿನ ಒಂದು ವಚನ ಆರಿಸಿಕೊಂಡು ಅದರ ಬಗ್ಗೆ ಒಂದು ಪುಟ ಬರೆಯಿರಿ ಅಂದಿದ್ದರು ಸರ್. ಮೂವರು ತಂದ ವಚನಗಳು ಅವರಿಗೆ ಹೊಸದಾಗಿ ಕಂಡವು. ಅವರ ಕನ್ನಡ ಎಂ.ಎ. ವಿಶೇಷ ಅಧ್ಯಯನವೇ ವಚನ ಸಾಹಿತ್ಯ. ಆದರೂ ತಮಗೆ ಗೊತ್ತಿಲ್ಲದ ವಚನಗಳು ಎಷ್ಟೋ ಇರ್ತವೆ ಅಂದುಕೊಂಡರು. ಮೂರೂ ‘ಕೂಡಲಸಂಗಮದೇವ’ ಅಂತ ಮುಗೀತಿದ್ದವು. ಲಯ ಸುಮಾರಾಗಿ ಸರಿಯಿತ್ತು. ದೀಪ, ಎಣ್ಣೆ, ಬತ್ತಿ ಅಂತ ಒಂದು ರೂಪಕವೂ ಇತ್ತು. ಸರ್ ರಾತ್ರಿ ಕೂತು ‘ವಚನ ಸಂಚಯ’ ಜಾಲತಾಣದಲ್ಲಿ ಒಂದೊಂದೇ ಪದ ಹಾಕಿ ಹುಡುಕಿದರು. ಅಲ್ಲಿ 20 ಸಾವಿರದಷ್ಟು ವಚನಗಳು ಹುಡುಕೋಕೆ ಸಿಗ್ತವೆ. ಸಿಗಲಿಲ್ಲ. ಕಪಾಟಿನಲ್ಲಿದ್ದ ಸಂಪುಟಗಳನ್ನು ತೆಗೆದರು. ಅಲ್ಲೂ ಇಲ್ಲ. ಹನ್ನೆರಡೂವರೆ ಹೊತ್ತಿಗೆ ಅವರಿಗೆ ಗೊತ್ತಾಯ್ತು, ಇವು ಎಲ್ಲೂ ಇಲ್ಲ. ಯಂತ್ರ ಅವತ್ತೇ ಬರೆದು, ಬಸವಣ್ಣನವರ ಅಂಕಿತ ಹಾಕಿ ಕೊಟ್ಟಿದೆ.

"ಸಿಟ್ಟು ಬಂತಾ ಸರ್?" ಅಂತ ಕೇಳಿದೆವು.

"ಹುಡುಗರ ಮೇಲೆ ಬರ್ಲಿಲ್ಲ. ಅವರಿಗೆ ಅದು ನಿಜವಾದ ವಚನ ಅಂತಲೇ ನಂಬಿಕೆ ಇತ್ತು. ‘ಸರ್, ಅಂಕಿತ ಇದೆಯಲ್ಲ’ ಅಂದರು. ಭಯ ಆಯ್ತು. ನಾನು ಹುಡುಕದೇ ಇದ್ದಿದ್ರೆ? ನಾಳೆ ಯಾರೋ ಇದನ್ನ ವಾಟ್ಸಾಪಿನಲ್ಲಿ ಹಾಕ್ತಾರೆ, ಆಮೇಲೆ ಯಾರೋ ಭಾಷಣದಲ್ಲಿ ಹೇಳ್ತಾರೆ."

ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದರು. ಒಂದೊಂದು ವಚನ ಯಾರದು, ಪಾಠ ಯಾವುದು, ಅಂಕಿತ ಸರಿಯಾ ಅಂತ ಅವರೂ ಅವರ ನಂತರದವರೂ ಪಟ್ಟ ಶ್ರಮಕ್ಕೆ ನೂರು ವರ್ಷದ ಲೆಕ್ಕ ಇದೆ. ಅಂಕಿತ ಅಂದರೆ ‘ಈ ಮಾತಿಗೆ ನಾನು ಜವಾಬ್ದಾರ’ ಅನ್ನೋ ರುಜು. ಯಾರೂ ಆಡದ ಮಾತಿಗೆ ರುಜು ಹಾಕಿಕೊಡೋ ಯಂತ್ರ ಈಗ ನಮ್ಮೆಲ್ಲರ ಜೇಬಿನಲ್ಲಿದೆ. ಇದು ಅಸೈನ್‌ಮೆಂಟಿನ ಹತ್ತು ಅಂಕದ ವಿಷಯಕ್ಕಿಂತ ದೊಡ್ಡದು ಅಂತ ನಮಗನ್ನಿಸುತ್ತೆ.

ಸರ್ ಆಮೇಲೆ ಮಾಡಿದ್ದು ನಮಗೆ ಬಹಳ ಇಷ್ಟವಾಯ್ತು. ಮುಂದಿನ ವಾರ ಹತ್ತು ವಚನಗಳ ಒಂದು ಹಾಳೆ ಹಂಚಿದರು. ಆರು ನಿಜವಾದವು, ನಾಲ್ಕು ಯಂತ್ರದವು. ಮೊಬೈಲ್ ತೆಗೆಯಿರಿ, ಯಾವುದು ಯಾವುದು ಅಂತ ಪತ್ತೆ ಮಾಡಿ, ಆದರೆ ಚಾಟ್‌ಬಾಟನ್ನು ಕೇಳೋ ಹಾಗಿಲ್ಲ, ಆಕರದಲ್ಲಿ ಹುಡುಕಬೇಕು ಅಂದರು. ಒಂದು ಗಂಟೆ ಕ್ಲಾಸ್ ಗದ್ದಲವೋ ಗದ್ದಲ. ಹಿಂದಿನ ಬೆಂಚಿನ ಒಬ್ಬಳು, ಹುಡುಕೋದಕ್ಕೂ ಮೊದಲೇ, ಒಂದನ್ನು ಓದಿ ‘ಇದು ಸುಳ್ಳು ಸರ್’ ಅಂದಳಂತೆ. ಯಾಕೆ ಅಂದರೆ, ‘ಇದು ಯಾರನ್ನೂ ಬೈತಾ ಇಲ್ಲ’ ಅಂದಳು. ಇಡೀ ಸೆಮಿಸ್ಟರಿನಲ್ಲಿ ತಾವು ಕೇಳಿದ ಅತ್ಯುತ್ತಮ ವಿಮರ್ಶೆ ಅದು ಅಂತಾರೆ ಸರ್. ಯಂತ್ರದ ವಚನ ಎಲ್ಲರಿಗೂ ಒಳ್ಳೇದು ಬಯಸುತ್ತೆ; ವಚನಕಾರರು ಹಾಗಲ್ಲ, ಅವರಿಗೆ ಕೋಪ ಬರ್ತಿತ್ತು.

ಇಂಗ್ಲಿಷ್ ಸರ್ ಕಥೆ ಬೇರೆ. ಅವರಿಗೆ ಈ ಬಿಸಿ ಮೊದಲೇ ತಟ್ಟಿತ್ತು, ಇಂಗ್ಲಿಷಿನಲ್ಲಿ ಯಂತ್ರ ಮೊದಲ ದಿನದಿಂದಲೇ ಜಾಣ. ಅವರು ಪತ್ತೆ ಮಾಡೋ ಸಾಫ್ಟ್‌ವೇರ್ ಬಳಸೋಕೆ ಶುರು ಮಾಡಿದರು. ಪಠ್ಯ ಹಾಕಿದರೆ ‘ಶೇಕಡಾ ಇಷ್ಟು ಎಐ’ ಅಂತ ಕೆಂಪು ಬಣ್ಣದಲ್ಲಿ ತೋರಿಸೋದು. ಎರಡು ಸೆಮಿಸ್ಟರ್ ಅದನ್ನು ನಂಬಿದರು. ಒಂದು ದಿನ ಸುಮ್ಮನೆ ಕುತೂಹಲಕ್ಕೆ, ಹದಿನೈದು ವರ್ಷದ ಹಿಂದೆ ತಾವೇ ಬರೆದ ಒಂದು ಪ್ರಬಂಧ ಹಾಕಿ ನೋಡಿದರು. ಬಹುಪಾಲು ಎಐ ಅಂತ ಬಂತು. "ಅವತ್ತು ಗೊತ್ತಾಯ್ತು, ಎರಡು ಸೆಮಿಸ್ಟರಿನಲ್ಲಿ ನಾನು ಎಷ್ಟು ಮಕ್ಕಳಿಗೆ ಅನ್ಯಾಯ ಮಾಡಿದೆನೋ ಅಂತ. ಲೆಕ್ಕ ಹಾಕೋಕೆ ಧೈರ್ಯ ಬರ್ಲಿಲ್ಲ" ಅಂದರು. ಅಧ್ಯಾಪಕರೊಬ್ಬರು ನಮ್ಮೆದುರು ಇದನ್ನು ಒಪ್ಪಿಕೊಂಡದ್ದು ದೊಡ್ಡ ವಿಷಯ.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥ ಒಂದು ಪತ್ತೆ ಸಾಧನ ಬಿಟ್ಟಿತ್ತು. ಯಂತ್ರ ಬರೆದದ್ದರಲ್ಲಿ ಶೇಕಡಾ 26ನ್ನು ಮಾತ್ರ ಅದು ಸರಿಯಾಗಿ ಹಿಡೀತಿತ್ತು. ಮನುಷ್ಯರು ಬರೆದದ್ದರಲ್ಲಿ ಶೇಕಡಾ 9ನ್ನು ಯಂತ್ರದ್ದು ಅಂತಿತ್ತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಬಳಸಬೇಡಿ ಅಂತಲೂ ಅವರೇ ಹೇಳಿದ್ದರು. ಅದೇ ವರ್ಷ ಜುಲೈನಲ್ಲಿ, ನಿಖರತೆ ಕಡಿಮೆ ಅಂತ ಅದನ್ನು ವಾಪಸ್ ತೆಗೆದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಅವು ಯಂತ್ರದ್ದು ಅಂದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಬರಹವನ್ನು ಮಾತ್ರ ಹೆಚ್ಚು ಕಡಿಮೆ ಸರಿಯಾಗಿಯೇ ಗುರುತಿಸಿದವು. ಯಾಕೆ ಅಂದರೆ, ಭಾಷೆಯನ್ನು ಶಾಲೆಯಲ್ಲಿ ಕಲಿತವನು ಹುಷಾರಾಗಿ, ಗೊತ್ತಿರೋ ಪದಗಳಲ್ಲಿ, ನೇರ ವಾಕ್ಯಗಳಲ್ಲಿ ಬರೀತಾನೆ. ಸಾಫ್ಟ್‌ವೇರಿಗೆ ಅದೇ ಯಂತ್ರದ ಗುರುತು.

ಇಂಗ್ಲಿಷ್ ಕಲಿತವರ ಕಥೆ ಇದಾಯ್ತು. ಕನ್ನಡದಲ್ಲೇ ಹುಟ್ಟಿ ಕನ್ನಡದಲ್ಲೇ ಓದಿದವನಿಗೆ ಹೀಗಾಗೋಕೆ ಸಾಧ್ಯವೇ ಇಲ್ಲ ಅಂದುಕೊಂಡಿದ್ದೆವು. ಆಗಿದೆ. ಈ ಲೇಖನ ಬರೆಯಲೇಬೇಕು ಅಂತ ನಾವು ಹಟ ಹಿಡಿದದ್ದೇ ಅದರಿಂದ.

ಕೊಪ್ಪಳ ಜಿಲ್ಲೆಯ ಒಬ್ಬ ಹುಡುಗ ನಮ್ಮಲ್ಲಿ ಓದ್ತಿದ್ದಾನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ. ಇಲ್ಲಿಗೆ ಬಂದ ಮೊದಲ ತಿಂಗಳು ಅವನು ಯಾವ ಕ್ಲಾಸಿನಲ್ಲೂ ಬಾಯಿ ಬಿಟ್ಟವನಲ್ಲ. ಮ್ಯಾಥ್ಸ್ ಅರ್ಥವಾಗ್ತಿತ್ತು, ಅದನ್ನು ಹೇಳೋ ಇಂಗ್ಲಿಷ್ ಅರ್ಥವಾಗ್ತಿರಲಿಲ್ಲ. ಅವನು ತಲೆ ಎತ್ತಿ ಕೂರ್ತಿದ್ದ ಒಂದೇ ಒಂದು ಗಂಟೆ ಅಂದರೆ ಕನ್ನಡದ್ದು. "ಮಾತೃಭಾಷೆ ಮತ್ತು ತಂತ್ರಜ್ಞಾನ" ಅಂತ ಪ್ರಬಂಧ ಬರೆಯೋಕೆ ಹೇಳಿದಾಗ ಎರಡು ರಾತ್ರಿ ಕೂತು ಬರೆದ. ವಾಪಸ್ ಬಂದ ಹಾಳೆಯ ಅಂಚಿನಲ್ಲಿ ಮೇಡಂ ಕೆಂಪಿನಲ್ಲಿ ಬರೆದಿದ್ದರು: ‘ಎಐ?’

ಅವನು ಹೋಗಿ ವಾದ ಮಾಡಲಿಲ್ಲ. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡ. ಹಾಸ್ಟೆಲ್ಲಿನಲ್ಲಿ ಅವನ ರೂಮ್‌ಮೇಟ್, ನಮ್ಮ ಸಂಘದವನೇ, ಬಲವಂತ ಮಾಡಿ ಕೇಳಿದ ಮೇಲೆ ಹೇಳಿದ್ದು ಇಷ್ಟೇ: "ಇಂಗ್ಲಿಷ್ ಬರಂಗಿಲ್ಲ ಅಂತ ಗೊತ್ತಿತ್ರಿ. ಕನ್ನಡಾನೂ ನಂದಲ್ಲ ಅಂದ್ರ ಏನ್ ಮಾಡ್ಲಿ?"

ನಾವು ಆ ಪ್ರಬಂಧ ತರಿಸಿಕೊಂಡು ಓದಿದೆವು. ನಿಜ ಹೇಳ್ತೀವಿ, ನಮಗೂ ಅನುಮಾನ ಬರ್ತಿತ್ತು. ‘ಮಾತೃಭಾಷೆಯು ಮಾನವನ ವ್ಯಕ್ತಿತ್ವ ವಿಕಸನದಲ್ಲಿ ಮಹತ್ತರವಾದ ಪಾತ್ರವನ್ನು ವಹಿಸುತ್ತದೆ’ ಅಂತ ಶುರುವಾಗುತ್ತೆ. ನಡುವೆ ಅನುಕೂಲಗಳು, ಅನಾನುಕೂಲಗಳು. ಕೊನೆಗೆ ‘ಒಟ್ಟಾರೆಯಾಗಿ ಹೇಳುವುದಾದರೆ’. ಯಂತ್ರದ ಬರಹಕ್ಕೆ ಇರೋ ಎಲ್ಲ ಗುರುತೂ ಇದೆ. ಆಮೇಲೆ ನಮ್ಮಲ್ಲೊಬ್ಬಳು ನೆನಪಿಸಿದಳು: ಇದು ನಾವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಬರೆದ ಪ್ರಬಂಧ ಅಲ್ವಾ? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಅಡಿಗೆರೆ ಎಳೆದ ಉಪಶೀರ್ಷಿಕೆ. ಗಾದೆ ವಿಸ್ತರಣೆ ಅಂದರೆ ಯಾವ ಗಾದೆ ಕೊಟ್ಟರೂ ಮೊದಲ ಸಾಲು ‘ಗಾದೆಗಳು ವೇದಗಳಿಗೆ ಸಮಾನ’. ರಾಜ್ಯದ ಲಕ್ಷಾಂತರ ಮಕ್ಕಳು ಪ್ರತಿ ವರ್ಷ ಅದೇ ಸಾಲು ಬರೀತೀವಿ, ಅದಕ್ಕೆ ಅಂಕವೂ ಸಿಗುತ್ತೆ. ಅಂದರೆ ಯಂತ್ರ ಬರೋದಕ್ಕೂ ಎಷ್ಟೋ ಮೊದಲೇ ಯಂತ್ರದ ಹಾಗೆ ಬರೆಯೋದನ್ನು ನಾವು ಕಲಿತು ಮುಗಿಸಿದ್ದೆವು. ಆ ಹುಡುಗ ಮಾಡಿದ ಒಂದೇ ತಪ್ಪು, ಅವನ ಮೇಷ್ಟ್ರು ಹೇಳಿಕೊಟ್ಟದ್ದನ್ನು ಶ್ರದ್ಧೆಯಿಂದ ಕಲಿತಿದ್ದು.

ಮೇಡಂಗೆ ಇದನ್ನು ಹೇಳೋಕೆ ನಾವೇ ಹೋದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ಕ್ಲಾಸಿನಲ್ಲಿ ಅವನನ್ನು ಮಾತ್ರ ಕರೆದಿದ್ರೆ ಅದು ಇನ್ನೊಂದು ವಿಚಾರಣೆ ಆಗ್ತಿತ್ತು. ಅವರು ಜಾಣರು, ಎಲ್ಲರಿಗೂ ಒಂದೇ ಕೆಲಸ ಕೊಟ್ಟರು: ಬರೆಯೋದು ಬೇಡ, ನಿಮ್ಮೂರ ಜಾತ್ರೆ ಬಗ್ಗೆ ಮೂರು ನಿಮಿಷ ಮಾತಾಡಿ, ನಿಮ್ಮ ಮನೆಯಲ್ಲಿ ಮಾತಾಡೋ ಹಾಗೆಯೇ. ಅವನ ಸರದಿ ಬಂತು. ಗವಿಮಠದ ಜಾತ್ರೆ ಅಂದ. ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿ ಹೋಗುತ್ತಲ್ಲ, ಆ ರೊಟ್ಟಿ ಬಗ್ಗೆ ಹೇಳಿದ. ಅವರ ಓಣಿಯ ಹೆಂಗಸರು ದಿನಗಟ್ಟಲೆ ಕೂತು ರೊಟ್ಟಿ ಬಡಿಯೋದು, ಸಂಜೆ ಹೊತ್ತಿಗೆ ಬಡಿಯೋ ಸದ್ದಿಗೆ ಓದೋಕೆ ಆಗದೇ ಇದ್ದದ್ದು, ಖಡಕ್ ಆಗಿ ಒಣಗಿದ ಮೇಲೆ ಗಂಟು ಕಟ್ಟಿ ಟ್ರ್ಯಾಕ್ಟರಿಗೆ ಹಾಕೋದು, ಟ್ರ್ಯಾಕ್ಟರ್ ಮುಂದೆ ಡೊಳ್ಳು. ಅವರವ್ವ ಒಂದು ರೊಟ್ಟಿ ಮುರಿದರೆ ಅದನ್ನು ಮನೆಗೆ ಇಟ್ಟುಕೊಳ್ತಿದ್ದಳಂತೆ, ಮುರಿದದ್ದು ಮಠಕ್ಕೆ ಕೊಡಬಾರದು ಅಂತ. "ಅದಕ್ಕ ನಾವು ಹುಡುಗ್ರು ಬೇಕಂತನ ಮುರೀತಿದ್ವಿರಿ" ಅಂದಾಗ ಕ್ಲಾಸು ಗೊಳ್ಳೆಂದಿತು. ಮೂರು ನಿಮಿಷ ಹನ್ನೊಂದು ನಿಮಿಷ ಆಯ್ತು. ಮೇಡಂ ನಿಲ್ಲಿಸಲಿಲ್ಲ. ಕ್ಲಾಸ್ ಮುಗಿದ ಮೇಲೆ ಆ ಹಳೇ ಹಾಳೆ ತೆಗೆದುಕೊಂಡು, ‘ಎಐ?’ ಅಂತಿದ್ದಲ್ಲಿ ಗೆರೆ ಹೊಡೆದು, ಕ್ಷಮೆ ಕೇಳಿ, ರುಜು ಹಾಕಿ ಕೊಟ್ಟರು.

ಇಷ್ಟು ಹೇಳಿದ ಮೇಲೆ ಯಂತ್ರ ಕೆಟ್ಟದ್ದು ಅಂತ ನಾವು ಹೇಳ್ತೀವಿ ಅಂದುಕೊಂಡರೆ, ಇಲ್ಲ. ಬಳಕೆ ಕನ್ನಡ ಕ್ಲಾಸಿನಲ್ಲಿ ಪಾಟ್ನಾ ಕಡೆಯ ಹುಡುಗನೊಬ್ಬ ರಾತ್ರಿಯೆಲ್ಲ ಫೋನಿನ ಜೊತೆ ಕನ್ನಡ ಮಾತಾಡಿ ಅಭ್ಯಾಸ ಮಾಡಿದ. ಮರುದಿನ ಮೆಸ್ಸಿನಲ್ಲಿ ತಟ್ಟೆ ಹಿಡಿದು, "ಅಣ್ಣಾ, ದಯವಿಟ್ಟು ನನಗೆ ಸ್ವಲ್ಪ ಸಾಂಬಾರನ್ನು ನೀಡುವಿರಾ?" ಅಂದ. ಮೆಸ್ ಅಣ್ಣ ಸೌಟು ಕೆಳಗಿಟ್ಟು, "ಏನಪ್ಪಾ, ನಾಟಕದ ಪ್ರಾಕ್ಟೀಸಾ? ‘ಸಾಂಬಾರ್ ಹಾಕಿ ಅಣ್ಣ’ ಅನ್ನು ಸಾಕು" ಅಂದರು. ಅವತ್ತಿಂದ ದಿನಕ್ಕೊಂದು ವಾಕ್ಯ ಮೆಸ್ ಅಣ್ಣನೇ ತಿದ್ದುತ್ತಾರೆ. ಮೇಡಂ ಇದನ್ನು ಹೇಳುವಾಗ ಅವರ ಮುಖದಲ್ಲಿ ಖುಷಿ ಇತ್ತು. "ನನ್ನ ಹತ್ರ ವಾರಕ್ಕೆ ಒಂದು ಗಂಟೆ, ಅರವತ್ತು ಜನ. ಅವನು ಒಂದು ವಾಕ್ಯ ನಲವತ್ತು ಸಲ ತಪ್ಪು ಹೇಳಿದ್ರೂ ಫೋನು ನಗಲ್ಲ, ಬೇಜಾರು ಮಾಡ್ಕೊಳಲ್ಲ. ಅಷ್ಟು ತಾಳ್ಮೆ ನಂಗೆ ಎಲ್ಲಿಂದ ಬರ್ಬೇಕು?" ಆ ಹುಡುಗನಿಗೆ ಯಂತ್ರ ಕೊಟ್ಟಿದ್ದು ಕನ್ನಡ ಅಂತ ಹೇಳೋಕಾಗಲ್ಲ. ಬಾಯಿ ತೆರೆಯೋ ಧೈರ್ಯ ಕೊಟ್ಟಿತು. ಅದು ಸಣ್ಣದಲ್ಲ.

ಹಾಗಾದ್ರೆ ಏನು ಮಾಡಬೇಕು? ‘ಇದನ್ನ ಯಾರು ಬರೆದ್ರು’ ಅಂತ ಹಾಳೆ ನೋಡಿ ಊಹೆ ಮಾಡೋ ಆಟವನ್ನು ಅಧ್ಯಾಪಕರು ಬಿಡಬೇಕು ಅಂತ ನಾವು ಹೇಳ್ತೀವಿ. ಕನ್ನಡಕ್ಕಂತೂ ನಂಬೋ ಅಂಥ ಪತ್ತೆ ಸಾಧನ ಇಲ್ಲ; ಅನುಮಾನ ಮಾತ್ರ ಇದೆ, ಅದು ಮೊದಲು ಬೀಳೋದು ಚೆನ್ನಾಗಿ ಬರೆಯೋ ಕನ್ನಡ ಮಾಧ್ಯಮದ ಹುಡುಗನ ಮೇಲೆ. ಹತ್ತು ಜನ ನಕಲು ಮಾಡಿ ತಪ್ಪಿಸಿಕೊಂಡರೆ ಕಾಲೇಜಿಗೆ ಆಗೋ ನಷ್ಟಕ್ಕಿಂತ, ಅವನೊಬ್ಬ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡರೆ ಆಗೋ ನಷ್ಟ ದೊಡ್ಡದು. ಬರೆದದ್ದರ ಬಗ್ಗೆ ಕೂತು ಎರಡು ನಿಮಿಷ ಮಾತಾಡಿಸಿದರೆ ಸಾಕು, ಯಾರದ್ದು ಅಂತ ತಾನೇ ಗೊತ್ತಾಗುತ್ತೆ.

ಆದರೆ ಅರವತ್ತು ಜನಕ್ಕೆ ಎರಡೆರಡು ನಿಮಿಷ ಅಂದರೆ ಎರಡು ಗಂಟೆ. ವಾರಕ್ಕೆ ಇರೋದು ಒಂದು. ಇಂಥ ಮೂರ್ನಾಲ್ಕು ಸೆಕ್ಷನ್‌ಗಳನ್ನು ಒಬ್ಬರೇ ನೋಡ್ತಾರೆ. ಪ್ರೋಗ್ರಾಮಿಂಗ್ ಲ್ಯಾಬಿಗೆ ಬ್ಯಾಚ್ ಮಾಡ್ತಾರೆ, ವೈವಾ ಇಡ್ತಾರೆ, ಕೋಡ್ ನಿಂದೇನಾ ಅಂತ ಕೂರಿಸಿ ಕೇಳ್ತಾರೆ. ಭಾಷೆಗೆ ಯಾಕಿಲ್ಲ? ಎಐ ಬಗ್ಗೆ ವಿಚಾರ ಸಂಕಿರಣ ಮಾಡೋಕೆ ದುಡ್ಡು ಸಿಗುತ್ತೆ, ಆಡಿಟೋರಿಯಂ ಸಿಗುತ್ತೆ, ಸ್ಮರಣಿಕೆ ಸಿಗುತ್ತೆ. ಭಾಷಾ ಅಧ್ಯಾಪಕರಿಗೆ ವಾರಕ್ಕೆ ಇನ್ನೊಂದು ಗಂಟೆ ಸಿಗಲ್ಲ. ಈ ಮಾತನ್ನು ಅವರು ಕೇಳೋಕಾಗಲ್ಲ, ಕೇಳಿದರೆ ಕೆಲಸ ತಪ್ಪಿಸೋ ನೆಪ ಅಂತಾರೆ. ನಾವು ಕೇಳಬಹುದು. ಬೋಧನೆಯ ಬಗ್ಗೆ ಸೆಮಿಸ್ಟರ್ ಕೊನೆಗೆ ಫಾರ್ಮ್ ತುಂಬಿಸಿಕೊಳ್ತಾರಲ್ಲ, ಅದರಲ್ಲಿ ಈ ಸಲ ಇದನ್ನೇ ಬರೆಯೋಣ. ಅದನ್ನಾದರೂ ಚಾಟ್‌ಜಿಪಿಟಿಯಿಂದ ಬರೆಸಬೇಡಿ.

ಇನ್ನು ನಮ್ಮ ಪತ್ರಿಕೆಯ ವಿಷಯ. ಈ ಸಂಚಿಕೆಗೆ ಬಂದ ಬರಹಗಳಲ್ಲಿ ಒಂದಿಷ್ಟರಲ್ಲಿ ‘ಸಹೋದರಿ’ಯರು ಇದ್ದರು. ಎಐ ಬಳಸಿದ್ರಾ ಅಂತ ನಾವು ಯಾರನ್ನೂ ಕೇಳಲಿಲ್ಲ. ಬರೆದವರನ್ನು ಕ್ಯಾಂಟೀನಿಗೆ ಕರೆದು ಟೀ ಕೊಡಿಸಿ, ‘ಇದನ್ನ ಬಾಯಲ್ಲಿ ಹೇಳಿ ನೋಡೋಣ’ ಅಂದೆವು. ಇಬ್ಬರು ಬರಲೇ ಇಲ್ಲ. ಬಂದವರಲ್ಲಿ ಹೆಚ್ಚಿನವರು ಹೇಳಿದ್ದು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಹೇಳಿದ್ದನ್ನೇ ಬರೆಸಿಕೊಂಡೆವು. ಟೀ ಖರ್ಚು ಸಂಘದ ಲೆಕ್ಕದಲ್ಲಿ 640 ರೂಪಾಯಿ ಆಗಿದೆ, ಖಜಾಂಚಿ ಇನ್ನೂ ಮುಖ ಊದಿಸಿಕೊಂಡಿದ್ದಾನೆ.

ಕೊಪ್ಪಳದ ಹುಡುಗನ ರೊಟ್ಟಿ ಲೇಖನವೂ ಇದೇ ಸಂಚಿಕೆಯಲ್ಲಿದೆ. ಅಚ್ಚಿಗೆ ಮೊದಲು ಮೇಡಂ ಓದಿ, ‘ಬೇಕಂತನ’ ಅನ್ನೋದರ ಕೆಳಗೆ ಗೆರೆ ಎಳೆದು ‘ಬೇಕೆಂದೇ’ ಅಂತ ಬರೆದಿದ್ದರು, ಅಭ್ಯಾಸಬಲ. ಅವನಿಗೆ ತೋರಿಸಿದೆವು. ಸ್ವಲ್ಪ ಹೊತ್ತು ನೋಡಿ, "ಬ್ಯಾಡ್ರಿ, ನಂದ ಇರ್ಲಿ" ಅಂದ. ಹಾಗೇ ಬಿಟ್ಟಿದ್ದೇವೆ.